ಮೋಟು ಪೈಪಿನ ಕಾವು

"ಮೋಟು ಪೈಪು ಬಿಸಿಯಾಗುತ್ತೆ ಅನ್ನೋದು ಲೋಕಕ್ಕೇ ಗೊತ್ತಿರೋ ವಿಷಯ ಕಣಮ್ಮ. ಅದನ್ನ ಕಂಡುಹಿಡಿಯೋಕೆ ಪತ್ತೇದಾರರು ಬೇರೆ ಬೇಕಾ?"

ಅಂಗಡಿಯ ಪಾಲುದಾರ ಹೀಗೆಂದು ನಕ್ಕು, ಮೇಜಿನ ಮೇಲಿದ್ದ, ಹೊಗೆಸೊಪ್ಪು ಸೇದುವ ಸುಟ್ಟ ಪೈಪನ್ನು ಬೆರಳ ತುದಿಯಿಂದ ಅತ್ತ ತಳ್ಳಿದ.

ಮೂಗಕ್ಕ ನಗಲಿಲ್ಲ. ಹೆಬ್ಬೆರಳುದ್ದದ ಕೊಳವೆಯಿದ್ದ ಆ ಪುಟ್ಟ ಪೈಪನ್ನು ಎರಡು ಕೈಯಲ್ಲೂ ಎತ್ತಿಕೊಂಡು ಮತ್ತೆ ಸರಿಯಾಗಿ ತನ್ನ ಮುಂದೆ ಇಟ್ಟುಕೊಂಡಳು. ಅದರ ಒಡೆಯರು, ಅಂದರೆ ಈ ಪೈಪಿನಂಗಡಿಯ ಯಜಮಾನರು, ಮೊನ್ನೆ ಇದೇ ಮಹಡಿ ಕೋಣೆಯಲ್ಲಿ ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದು ಸತ್ತಿದ್ದರು. ಕೊಂದ ಆರೋಪ ಅವರ ಸೊಸೆಯ ತಲೆಗೆ ಸುತ್ತಿಕೊಂಡಿತ್ತು.

ಸೊಸೆ ಗೋಡೆಗೆ ಒರಗಿ ಕುಳಿತಿದ್ದಳು. ಬೆಳಗಾದರೆ ಅವಳನ್ನು ಕೋರ್ಟಿಗೆ ಕರೆದೊಯ್ಯಬೇಕು. ಅಷ್ಟರೊಳಗೆ ಏನಾದರೂ ಆದರೆ ಆಯಿತು, ಇಲ್ಲದಿದ್ದರೆ ಅವಳ ಬಾಳು ಮುಗಿದಂತೆಯೇ.

"ನೀವು ಹೇಳೋದು ನಿಜವಾದ್ರೆ ನಾನು ಈಗಲೇ ಎದ್ದು ಮನೆಗೆ ಹೋಗ್ತೀನಿ, ಪಾಲುದಾರರೇ. ಸುಳ್ಳಾದ್ರೆ ಈ ಹುಡುಗಿ ಮನೆಗೆ ಹೋಗ್ತಾಳೆ. ನೋಡೇಬಿಡೋಣ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದಳು ಮೂಗಕ್ಕ.

ಕಿಟಕಿಯ ಬಳಿ ನಿಂತಿದ್ದ ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿಕೊಂಡ. "ಬೇಗ ಮುಗಿಸಕ್ಕ. ಆರೋಪಿಯನ್ನ ಹೀಗೆಲ್ಲ ಹೊರಗೆ ಕರ್ಕೊಂಡು ಬಂದಿದ್ದೀನಿ ಅಂತ ಮೇಲಿನವರಿಗೆ ಗೊತ್ತಾದ್ರೆ ನನ್ನ ಟೋಪಿ ಹೋಗುತ್ತೆ."

ಇನ್ಸ್‌ಪೆಕ್ಟರ್ ಬೇರೆ ಯಾರೂ ಅಲ್ಲ, ಮೂಗಕ್ಕನ ಒಡಹುಟ್ಟಿದ ತಮ್ಮ. ಅವಳು ಕೇಳಿದ್ದು ಒಂದೇ ಮಾತು, ಅವನು ಇಲ್ಲವೆನ್ನಲಿಲ್ಲ. ಅಕ್ಕ ಎಂಬ ಎರಡು ಅಕ್ಷರಕ್ಕೆ ಇಷ್ಟು ಬೆಲೆ ಕೊಡುವ ತಮ್ಮಂದಿರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ? ಮೂಗಕ್ಕ ಮನಸ್ಸಿನಲ್ಲೇ ಅವನಿಗೆ ಕೈಮುಗಿದಳು.

ಈಗಿನವರೆಲ್ಲ ಅವಳ ಹೆಸರನ್ನು ಮೂಗಿಗೆ ತಗುಲಿಸುತ್ತಾರೆ. ನಾಯಿಯ ಹಾಗೆ ವಾಸನೆ ಹಿಡಿದು ಕಳ್ಳರನ್ನು ಹುಡುಕುತ್ತಾಳೆ, ಅದಕ್ಕೇ ಮೂಗಕ್ಕ ಅನ್ನುತ್ತಾರೆ. ನಿಜ ಬೇರೆಯೇ. ಚಿಕ್ಕಂದಿನಲ್ಲಿ ಅವಳ ನಾಲಿಗೆ ಏಳುತ್ತಿರಲಿಲ್ಲ. ಒಂದು ಮಾತಿಗೆ ಹತ್ತು ಸಲ ತೊದಲಿ, ಕೊನೆಗೆ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಿದ್ದಳು. ಓಣಿಯ ಮಕ್ಕಳು "ಮೂಗಿ, ಮೂಗಿ" ಎಂದು ಅಟ್ಟಿಸಿಕೊಂಡು ಬರುತ್ತಿದ್ದರು.

ಅಂಥ ಹುಡುಗಿಯನ್ನು ಯಜಮಾನರು ಕರೆದು ಅಂಗಡಿಯ ಮುಂಗಟ್ಟೆಯಲ್ಲಿ, ಗಿರಾಕಿಗಳ ಎದುರಿಗೇ ಕೂರಿಸಿದರು. ಅವಳು ಬೆವರಿ ಒದ್ದಾಡುವಾಗ ಬಾಯಿಂದ ಪೈಪು ತೆಗೆದು, "ಗಿರಾಕಿ ಕಾಯ್ತಾರಮ್ಮ. ನೀನು ನಿಧಾನಕ್ಕೆ ಹೇಳು. ಹೇಳೋದು ಬಾಕಿ ಇದ್ರೆ ನಾಳೆ ಬಂದು ಕೇಳ್ತಾರೆ," ಅನ್ನುತ್ತಿದ್ದರು. ಒಬ್ಬ ಗಿರಾಕಿಯಾದರೂ ಅವರ ಕಣ್ಣೆದುರು ನಗಲಿಲ್ಲ. ಇವತ್ತು ಮೂಗಕ್ಕ ವಕೀಲರ ಬಾಯಿಯನ್ನೇ ಕಟ್ಟುತ್ತಾಳೆ ಅಂದರೆ ಅದು ಆ ಮುಂಗಟ್ಟೆಯಲ್ಲಿ ಕಲಿತ ಮಾತು. ಆ ಋಣವನ್ನು ಏಳು ಜನ್ಮಕ್ಕೂ ತೀರಿಸಲಾರೆ ಎಂದು ಅವಳಿಗೆ ಗೊತ್ತು. ಸೊಸೆಯನ್ನಾದರೂ ಉಳಿಸಿಕೊಟ್ಟರೆ ಬಡ್ಡಿಯಾದರೂ ತೀರೀತು ಎಂಬ ಆಸೆ ಅವಳದು.

"ದರ್ಜಿಯವರೇ, ನೀವು ಕಂಡಿದ್ದನ್ನ ಇನ್ನೊಂದು ಸಲ ಹೇಳಿ."

ಎದುರು ಮನೆಯ ದರ್ಜಿ ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ಬಂದಿದ್ದ. ಎಲ್ಲರಿಗೂ ಚಹಾ ತಂದವನೂ ಅವನೇ. "ಅದೇ ಅಕ್ಕ, ದೀಪ ಹಚ್ಚೋಕೆ ಸ್ವಲ್ಪ ಮುಂಚೆ. ಈ ಕಿಟಕೀಲಿ ಹೊಗೆ ಬರ್ತಾ ಇತ್ತು. ಪರದೆ ಎಳೆದಿತ್ತು, ಆಳು ಕಾಣಲಿಲ್ಲ. ಹೊಗೇನಾ ಅದು! ಇಟ್ಟಿಗೆ ಗೂಡಿನ ಥರ ಬುಸ್ಸು ಬುಸ್ಸು ಅಂತ. ಯಜಮಾನರು ಇವತ್ತು ಏನೋ ಕೋಪದಲ್ಲಿದ್ದಾರೆ ಅಂದ್ಕೊಂಡೆ."

"ಅಲ್ಲಿಗೆ ಆ ಹೊತ್ತಿಗೆ ಅವರು ಬದುಕಿದ್ರು. ದೀಪ ಹಚ್ಚಿದ ಮೇಲೆ ಮಹಡಿಗೆ ಬಂದೋಳು ಸೊಸೆ ಒಬ್ಬಳೇ. ಅವಳೇ ಕಿರುಚಿಕೊಂಡಿದ್ದು. ಲೆಕ್ಕ ಸರಿಹೋಯ್ತಲ್ಲ," ಎಂದ ಪಾಲುದಾರ.

"ಡಾಕ್ಟರು ಏನಂದ್ರು?" ಮೂಗಕ್ಕ ತಮ್ಮನತ್ತ ತಿರುಗಿದಳು.

"ಮರ ಒಣಗಿಸೋ ಒಲೆ ಇಡೀ ದಿನ ಉರೀತಾ ಇತ್ತು. ಕೋಣೆ ಕಾದಿತ್ತು, ದೇಹ ಬೆಚ್ಚಗಿತ್ತು. ಮಧ್ಯಾಹ್ನ ಸತ್ರೋ ಸಂಜೆ ಸತ್ರೋ ಹೇಳೋಕಾಗಲ್ಲ ಅಂದ್ರು. ಅಡ್ಡಗೋಡೆ ಮೇಲೆ ದೀಪ."

"ಹಾಗಾದ್ರೆ ಇಡೀ ಕೇಸು ನಿಂತಿರೋದು ಆ ಹೊಗೆ ಮೇಲೆ."

ಮೂಗಕ್ಕ ಸುಟ್ಟ ಪೈಪನ್ನು ಬೆಳಕಿಗೆ ಹಿಡಿದಳು. ಬಟ್ಟಲಿನ ಅಂಚು ಕರಿಕಾಗಿತ್ತು. ಹೊರಮೈಯಲ್ಲೂ ಒಂದು ಕಡೆ ಹೊಳಪು ಹಾರಿ, ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಒಳಗೆ ಹೊಗೆಸೊಪ್ಪು ಮೇಲರ್ಧ ಬೂದಿ, ಕೆಳಗರ್ಧ ತೊಯ್ದ ಮುದ್ದೆ.

"ಇದು ಅವರ ಪ್ರೀತಿಯ ಪೈಪು. ನಾನು ಮುಂಗಟ್ಟೇಲಿ ಕೂರೋ ಕಾಲದಿಂದ ನೋಡಿದ್ದೀನಿ. ಇಷ್ಟು ವರ್ಷ ಸುಡದೇ ಇದ್ದಿದ್ದು ಮೊನ್ನೆ ಒಂದೇ ಸಂಜೆಗೆ ಯಾಕೆ ಸುಟ್ಟುಕೊಳ್ತು?"

"ಅಯ್ಯೋ, ಅದನ್ನೇ ತಾನೇ ನಾನು ಬಡ್ಕೊಳ್ತಿರೋದು!" ಪಾಲುದಾರನ ದನಿ ಏರಿತು. "ಮೋಟು ಪೈಪು ಕಣಮ್ಮ. ಬೆಂಕಿ ಮೂಗಿನ ಕೆಳಗೇ ಇರುತ್ತೆ. ಉದ್ದದ್ದಾದ್ರೆ ಹೊಗೆ ದೂರದಿಂದ ಬರ್ತಾ ತಣ್ಣಗಾಗುತ್ತೆ. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ನಾನು ಇದನ್ನೇ ಹೇಳೋದು."

"ಹೇಳಿ ಉದ್ದದ್ದನ್ನ ಮಾರ್ತೀರಿ."

"ವ್ಯಾಪಾರ ಅಂದ್ಮೇಲೆ ಮತ್ತೆ?"

ಮೂಗಕ್ಕ ಚೀಲದಿಂದ ಎರಡು ಹೊಸ ಪೈಪು ತೆಗೆದಳು. ಒಂದೇ ಮರದ ತುಂಡಿನಲ್ಲಿ ಯಜಮಾನರೇ ಕೊರೆದ ಅವಳಿ ಬಟ್ಟಲುಗಳು. ಒಂದಕ್ಕೆ ಮೋಟು ಕೊಳವೆ, ಇನ್ನೊಂದಕ್ಕೆ ಹೆಚ್ಚುಕಡಿಮೆ ಮೊಳದುದ್ದದ ಕೊಳವೆ. ಎರಡಕ್ಕೂ ಒಂದೇ ಡಬ್ಬಿಯ ಹೊಗೆಸೊಪ್ಪನ್ನು ಒಂದೇ ಹದದಲ್ಲಿ ತುಂಬಿದಳು. ಆಮೇಲೆ ಪೈಪಿಗೆ ಹೊಳಪು ಕೊಡುವ ಮೇಣವನ್ನು ಒಲೆಯ ಮೇಲೆ ಕರಗಿಸಿ, ಎರಡೂ ಬಟ್ಟಲಿನ ಹೊರಮೈಗೆ ಒಂದೊಂದು ಹನಿ ಬಿಟ್ಟಳು. ಹನಿ ಬಿಳಿಯಾಗಿ ಗಟ್ಟಿಯಾಯಿತು.

"ಬಟ್ಟಲು ಸುಟ್ಟರೆ ಮೇಣ ಇಳಿಯುತ್ತೆ. ಸುಡದಿದ್ರೆ ಇಳಿಯಲ್ಲ. ಇದಕ್ಕೆ ಪಂಡಿತರು ಬೇಡ. ಎರಡನ್ನೂ ನೀವೇ ಸೇದಿ ಪಾಲುದಾರರೇ, ನೀವು ದಿನಾ ಸೇದೋ ಹಾಗೆ."

"ನನ್ನ ಮೇಲೇ ಪ್ರಯೋಗವಾ?"

"ಅನುಮಾನ ಇದ್ರೆ ಬೇಡ ಬಿಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಪಾಲುದಾರನ ಕೈ ಹಾಗೆಯೇ ಒಮ್ಮೆ ಕಾಲರಿಗೆ ಹೋಗಿ ಬಂತು. ಆದರೂ ಮೋಟು ಪೈಪನ್ನೇ ಮೊದಲು ಹಚ್ಚಿದ. ಹಚ್ಚಿದ ಮೇಲೆ ಮಾತ್ರ ಮನುಷ್ಯ ಬೇರೆಯೇ ಆದ. ಭುಜ ಇಳಿಯಿತು, ಕಣ್ಣು ಅರೆ ಮುಚ್ಚಿತು. ಹೊಗೆ ಬಂತೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ತುಟಿಯ ಸಂದಿಯಿಂದ ಹೊರಬಿತ್ತು.

ಕೋಣೆಯಲ್ಲಿ ಯಜಮಾನರ ವಾಸನೆ ಹರಡಿತು. ಮೂಗಕ್ಕನ ಕಣ್ಣು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ, ಯಾರು ನೋಡಿದರೆ ಏನಂತೆ! ಸೊಸೆಯೂ ಅಳುತ್ತಿದ್ದಳು. ದರ್ಜಿ ಅವಳ ಮುಂದೆ ಚಹಾದ ಲೋಟ ಸರಿಸಿ, "ಬಿಸಿ ಇರುವಾಗಲೇ ಕುಡಿಯಮ್ಮ," ಎಂದ.

"ಆರಲಿ ಅಣ್ಣ," ಎಂದು ಅವಳು ಲೋಟವನ್ನು ಬದಿಗಿಟ್ಟಳು.

ಮೋಟು ಪೈಪು ಬೂದಿಯಾಗುವ ತನಕ ಮೇಣದ ಹನಿ ಕದಲಲಿಲ್ಲ. ಉದ್ದ ಪೈಪು ಹಚ್ಚಿದ. ಅದೂ ಮುಗಿಯಿತು, ಅದರ ಹನಿಯೂ ಇದ್ದಲ್ಲೇ ಇತ್ತು. ಮೂಗಕ್ಕ ಎರಡು ಬಟ್ಟಲನ್ನೂ ತನ್ನ ಎರಡು ಕೆನ್ನೆಗೆ ಒತ್ತಿ ನೋಡಿದಳು. ತಮ್ಮನ ಕೆನ್ನೆಗೂ ಒತ್ತಿದಳು.

"ಹೇಳೋ, ಯಾವುದು ಬಿಸಿ?"

"ಎರಡೂ ಒಂದೇ ಥರ ಇದೆ," ಎಂದ ಇನ್ಸ್‌ಪೆಕ್ಟರ್.

ಪಾಲುದಾರ ಎರಡನ್ನೂ ಕಿತ್ತುಕೊಂಡು ಕೈಯಲ್ಲಿ ತೂಗಿದ, ಮುಟ್ಟಿದ, ತಿರುಗಿಸಿದ. ಅವನ ಮುಖ ನೋಡುವ ಹಾಗಿತ್ತು. "ಬಾಯಿಗೆ ಬರೋ ಹೊಗೇಲಿ ಎಳ್ಳಷ್ಟು ವ್ಯತ್ಯಾಸ ಇತ್ತು, ಅದೂ ಇತ್ತೋ ಇಲ್ವೋ. ಬಟ್ಟಲು ಮಾತ್ರ... ಅಲ್ಲ, ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೀನಲ್ಲಮ್ಮ!"

"ಯಜಮಾನರು ಏನು ಹೇಳ್ತಿದ್ರು, ನೆನಪು ಮಾಡ್ಕೊಳ್ಳಿ."

ಪಾಲುದಾರ ತಲೆ ತಗ್ಗಿಸಿದ. "ಸೇದೋಕೆ ಇದೇನು ಬಾವಿಯೇನೋ, ಪೈಪನ್ನ ಹೀರಬೇಕು ಅಂತಿದ್ರು. ನಾವು ನಗ್ತಾ ಇದ್ವಿ."

"ಅದು ಮಾತಿನ ಚಮತ್ಕಾರ ಅಂತ ನಾನೂ ನಕ್ಕಿದ್ದೆ. ಈಗ ಅರ್ಥ ಆಗ್ತಿದೆ. ಕಾವು ಇರೋದು ಕೊಳವೇಲಿ ಅಲ್ಲ, ಉಸಿರಲ್ಲಿ. ದರ್ಜಿಯವರೇ, ನೀವು ಯಾವತ್ತಾದ್ರೂ ಪೈಪು ಮುಟ್ಟಿದ್ದೀರಾ?"

"ರಾಮ ರಾಮಾ, ಬೀಡಿ ಕೂಡ ಇಲ್ಲ!"

"ಅಂಥವರೇ ಬೇಕು."

ಕಿಟಕಿಯ ಬಳಿಯಿಂದ ತಮ್ಮ ತಟ್ಟನೆ, "ಸಾಕು ಬಿಡಕ್ಕ, ಗೊತ್ತಾಯ್ತಲ್ಲ," ಎಂದ.

"ಇದೊಂದು ಆಗ್ಲಿ ಕಣೋ, ನಮ್ಮಪ್ಪ."

ಉದ್ದ ಪೈಪಿಗೇ ಮತ್ತೆ ಸೊಪ್ಪು ತುಂಬಿ ದರ್ಜಿಯ ಕೈಗಿಟ್ಟಳು. ಪಾಪ, ಅವನು ಸೂಜಿಗೆ ದಾರ ಪೋಣಿಸುವವನ ಹಾಗೆ ತುಟಿ ಚೂಪು ಮಾಡಿ ಎಳೆದ. ಆರಿಹೋಯಿತು. ಮತ್ತೆ ಹಚ್ಚಿದ. ಆರೀತೆಂಬ ಹೆದರಿಕೆಗೆ ಬಿಡದೆ ಎಳೆದ. ಬುಸ್ಸು ಬುಸ್ಸೆಂದು ಕೋಣೆ ತುಂಬ ಹೊಗೆ. ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಆದರೂ ಹಟ ಬಿಡಲಿಲ್ಲ. ಅಳತೆ ಪಟ್ಟಿಯಿಂದಲೇ ಬೆವರು ಒರೆಸಿಕೊಂಡು ಮತ್ತೆ ಎಳೆದ.

ಮೇಣದ ಹನಿ ಮೊದಲು ಮಿನುಗಿತು. ಆಮೇಲೆ ಜಾರಿತು. ಬಟ್ಟಲಿನ ಕೆಳಗೆ ಇಳಿದು ದರ್ಜಿಯ ಹೆಬ್ಬೆರಳ ಮೇಲೆ ಬಿತ್ತು.

"ಅಮ್ಮಾ!" ಎಂದು ಅವನು ಪೈಪನ್ನೇ ಕೈಬಿಟ್ಟ. "ನಾಲಿಗೆ ಸುಟ್ಟುಹೋಯ್ತು ಅಕ್ಕ. ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ."

ಮೂಗಕ್ಕ ಬಿದ್ದ ಪೈಪನ್ನು ಎತ್ತಿ ಮೇಜಿಗೆ ಕೊಡವಿದಳು. ಮೇಲರ್ಧ ಬೂದಿ, ಕೆಳಗರ್ಧ ತೊಯ್ದ ಮುದ್ದೆ. ಅದನ್ನು ಯಜಮಾನರ ಮೋಟು ಪೈಪಿನ ಪಕ್ಕದಲ್ಲಿಟ್ಟಳು. ಹೇಳುವುದೇನೂ ಬೇಕಿರಲಿಲ್ಲ. ಆದರೂ ಹೇಳಿದಳು, ಅಷ್ಟು ವರ್ಷ ಕಾದಿದ್ದು ಮಾತಾಡುವುದಕ್ಕೇ ತಾನೇ!

"ಮೊನ್ನೆ ಸಂಜೆ ಈ ಪೈಪು ಸೇದಿದ್ದು ಯಜಮಾನರಲ್ಲ. ಪೈಪು ಹಿಡಿಯೋಕೂ ಬಾರದ ಬೇರೆ ಯಾರೋ. ಎದುರು ಮನೆಗೆ ಹೊಗೆ ಕಾಣಲಿ ಅಂತ ಸೇದಿದ್ದಾರೆ. ಯಜಮಾನರು ಬದುಕಿದ್ದಾರೆ ಅಂತ ಯಾಕೆ ತೋರಿಸ್ಬೇಕು? ಅಷ್ಟು ಹೊತ್ತಿಗೆ ಅವರು ಬದುಕಿರಲಿಲ್ಲ, ಅದಕ್ಕೆ. ಅಂದ್ರೆ ಕೊಲೆ ಆಗಿದ್ದು ಮಧ್ಯಾಹ್ನ. ಮಧ್ಯಾಹ್ನ ಪೂರ್ತಿ ಈ ಹುಡುಗಿ ಆಸ್ಪತ್ರೆ ವಾರ್ಡಲ್ಲಿ ಡ್ಯೂಟಿ ಮೇಲೆ ಇದ್ದಳು. ಇಡೀ ವಾರ್ಡು ಸಾಕ್ಷಿ."

ಒಲೆಯಲ್ಲಿ ಕೆಂಡವೊಂದು ಸಿಡಿಯಿತು.

ಪಾಲುದಾರನ ಬಣ್ಣ ಇಳಿದಿತ್ತು. "ಮಧ್ಯಾಹ್ನ ಮಹಡಿಗೆ ಬಂದಿದ್ದು ನಾನು ಅಂತ ನೀವೆಲ್ಲ... ನೋಡಿ, ಬಂದಿದ್ದೆ, ಮಾತಾಡಿದ್ದೆ, ಇಳಿದು ಹೋದೆ. ದೀಪ ಹಚ್ಚೋ ಹೊತ್ತಲ್ಲಿ ಕೆಳಗೆ ಗಿರಾಕಿಗಳ ಜತೆ ಇದ್ದೆ. ಇನ್ನು ಆ ಹೊಗೆ? ನಾನು ಹೀಗಾ ಪೈಪು ಸೇದೋದು? ಈಗ ತಾನೇ ಕಣ್ಣಾರೆ ನೋಡಿದ್ರಲ್ಲ!"

ಅದು ನಿಜವಿತ್ತು. ಮೂಗಕ್ಕನಿಗೂ ಅದೇ ಗಂಟಲಲ್ಲಿ ಸಿಕ್ಕಿದ ಮುಳ್ಳು. ಅವಳು ಏನೋ ಹೇಳುವಷ್ಟರಲ್ಲಿ ತಮ್ಮ ಟೋಪಿ ಹಾಕಿಕೊಂಡು ಮುಂದೆ ಬಂದ.

"ಕೆಳಗೆ ಹೋಗಿ ಮಾತಾಡೋಣ ನಡೀರಿ, ಪಾಲುದಾರರೇ. ಅಕ್ಕ, ಇವಳ ಮೇಲಿನ ಕೇಸು ಇನ್ನು ನಿಲ್ಲಲ್ಲ. ನಾಳೆ ಕೋರ್ಟಲ್ಲಿ ನಾನೇ ಹೇಳ್ತೀನಿ. ಅಲ್ಲೀವರೆಗೂ ನಿನ್ನ ಜವಾಬ್ದಾರಿ."

"ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ," ಎಂದಳು ಮೂಗಕ್ಕ. ಮಾಡಿದ ಕೆಲಸ ತಪ್ಪೆಂದು ಗೊತ್ತಾದಾಗ ಒಪ್ಪಿಕೊಳ್ಳುವ ಪೊಲೀಸನನ್ನು ತನ್ನ ತಾಯಿಯೇ ಹೆತ್ತಳಲ್ಲ ಎಂದು ಹೆಮ್ಮೆಯಾಯಿತು.

ತಮ್ಮ ಬಿರಬಿರನೆ ಮೆಟ್ಟಿಲಿಳಿದ. ಪಾಲುದಾರ ಗೊಣಗುತ್ತ ಹಿಂದೆ ಹೋದ. ದರ್ಜಿ ಸುಟ್ಟ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು, ಸುಟ್ಟ ನಾಲಿಗೆಗೆ ತಗುಲಿ ಮತ್ತೊಮ್ಮೆ "ಅಮ್ಮಾ" ಎಂದು, ಖಾಲಿ ಲೋಟಗಳನ್ನು ಜೋಡಿಸಿಕೊಂಡು ಹೊರಟ.

ಕೋಣೆಯಲ್ಲಿ ಇಬ್ಬರೇ ಉಳಿದರು. ಸೊಸೆ ಎದ್ದು ಬಂದು ಮೂಗಕ್ಕನ ಕಾಲಿಗೆ ಬಿದ್ದಳು.

"ಏಳಮ್ಮ, ಏಳು. ಕಾಲಿಗೆ ಬೀಳೋದಿದ್ರೆ ನಿನ್ನ ಮಾವನಿಗೆ ಬೀಳು. ಮಾತಾಡೋಕೆ ನನಗೆ ಅವರು ಹೇಳಿಕೊಡದಿದ್ರೆ ಇವತ್ತು ನಾನು ಏನು ಮಾಡ್ತಿದ್ದೆ?"

"ನಮ್ಮ ಮದುವೆಗೆ ಇಡೀ ಮನೆ ಬೇಡ ಅಂದಾಗ ಮಾವನ ಎದುರು ಕೂತು ಒಪ್ಪಿಸಿದವರು ನೀವು. ಈಗ ಎರಡನೇ ಸಲ ಬದುಕು ಕೊಟ್ರಿ. ನಮ್ಮಮ್ಮ ಕೂಡ ಇಷ್ಟು ಮಾಡ್ತಿರಲಿಲ್ಲ ಅಕ್ಕ." ಅವಳು ಏಳಲಿಲ್ಲ. ಕಾಲನ್ನು ಹಿಡಿದುಕೊಂಡೇ ಇದ್ದಳು. "ಇಷ್ಟೆಲ್ಲ ಮಾಡಿದವರ ಹತ್ತಿರ ಸುಳ್ಳು ಇಟ್ಕೊಂಡು ನಾನು ಮನೆಗೆ ಹೇಗೆ ಹೋಗ್ಲಿ?"

"ಏನು ಸುಳ್ಳು?"

"ಆ ಪೈಪು ಸೇದಿದ್ದು ನಾನೇ."

ಮೂಗಕ್ಕ ಮೊದಲು ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡಳು. ಆಮೇಲೆ ಗೋಡೆಯ ಬಳಿ ಸೊಸೆ ಆರಲು ಬಿಟ್ಟಿದ್ದ ಚಹಾದ ಮೇಲೆ ಕಣ್ಣು ಹೋಯಿತು. ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ!

"ದೀಪ ಹಚ್ಚಿದ ಮೇಲೆ ಬಂದೆ ಅಂತ ಹೇಳಿದ್ದು ಸುಳ್ಳು ಅಕ್ಕ. ಡ್ಯೂಟಿ ಮುಗೀತಿದ್ದ ಹಾಗೇ ಆಸ್ಪತ್ರೆ ಓಣಿಯಿಂದ ಹಿಂದಿನ ಮೆಟ್ಟಿಲು ಹತ್ತಿ ಬಂದೆ. ಮಾವ ಆಗಲೇ ಹೋಗಿಬಿಟ್ಟಿದ್ರು. ನರ್ಸಲ್ವಾ, ಮುಟ್ಟಿದ ತಕ್ಷಣ ಗೊತ್ತಾಯ್ತು. ಪರದೆ ಎಳೆದು ಪೈಪು ಹಚ್ಚಿದೆ. ಹೊಗೆ ಬರಲಿ ಅಂತ ಎಳೆದೆ, ಎಳೆದೆ... ಬಾಯೆಲ್ಲ ಬೊಬ್ಬೆ."

"ಯಾಕೆ? ನೀನೇ ನಿನ್ನ ಕುತ್ತಿಗೆಗೆ ಹಗ್ಗ ಹಾಕ್ಕೊಂಡೆಯಲ್ಲೇ! ಯಾರನ್ನ ಉಳಿಸೋಕೆ?"

"ನಿಮ್ಮನ್ನ."

ಮೂಗಕ್ಕ ಹಿಂದೆ ಸರಿದು ಕುರ್ಚಿಯ ಮೇಲೆ ಕುಳಿತಳು.

"ಮಾವನ ತಲೆ ಹತ್ತಿರ ನಿಮ್ಮ ಕೊಡೆ ಬಿದ್ದಿತ್ತು. ಮುರಿದ ಹಿಡಿ ತೆಗೆದು ಮಾವನೇ ಪೈಪಿನ ಮರದಲ್ಲಿ ಹೊಸ ಹಿಡಿ ಕೂರಿಸಿಕೊಟ್ಟಿದ್ರಲ್ಲ, ಅದೇ ಕೊಡೆ. ಅಂಥದ್ದು ಇಡೀ ಊರಲ್ಲಿ ಇನ್ನೊಂದಿಲ್ಲ. ಹಿಡಿಗೆ ರಕ್ತ ಹತ್ತಿತ್ತು. ನೀವು ಮಾಡಿಲ್ಲ ಅಂತ ನನಗೆ ಗೊತ್ತು ಅಕ್ಕ, ದೇವರಾಣೆ ಗೊತ್ತು. ಪೊಲೀಸರಿಗೆ ಗೊತ್ತಿರಲ್ವಲ್ಲ! ಸಂಜೆ ನೀವು ವಕೀಲರ ಆಫೀಸಲ್ಲಿ ಹತ್ತು ಜನರ ಮಧ್ಯೆ ಇರ್ತೀರಿ. ಮಾವ ಸಂಜೆವರೆಗೂ ಬದುಕಿದ್ರು ಅಂತ ಆದ್ರೆ ನಿಮ್ಮ ತಂಟೆಗೆ ಯಾರೂ ಬರಲ್ಲ ಅಂದ್ಕೊಂಡೆ. ನನ್ನ ತಲೆಗೇ ಬರುತ್ತೆ ಅಂತ ಹೊಳೀಲೇ ಇಲ್ಲ."

ಈ ಹುಚ್ಚು ಹುಡುಗಿ ತನಗಾಗಿ ನಾಲಿಗೆ ಸುಟ್ಟುಕೊಂಡಿದ್ದಾಳೆ, ಲಾಕಪ್ಪಿನಲ್ಲಿ ಬಾಯಿ ಬಿಡದೆ ಕುಳಿತಿದ್ದಾಳೆ. ಮೂಗಕ್ಕ ಅವಳ ತಲೆಯನ್ನು ಮಡಿಲಿಗೆಳೆದುಕೊಂಡಳು. ಯಾರಿಗೆ ಯಾರ ಋಣ ಎಂಬ ಲೆಕ್ಕವೇ ತಪ್ಪಿಹೋಯಿತು.

ಕೊಡೆಯ ನೆನಪು ಬಂದದ್ದು ಆಮೇಲೆ.

ಕೊಡೆ ಅವಳ ಹತ್ತಿರ ಇರಲಿಲ್ಲ. ಹೋದ ವಾರ ಮಳೆ ಹುಯ್ಯುವಾಗ ಊಟ ಮುಗಿಸಿ ಹೊರಟ ತಮ್ಮನ ಕೈಗೆ, "ನೆನೀಬೇಡ ಕಣೋ, ನೆಗಡಿಯಾಗುತ್ತೆ," ಎಂದು ಅವಳೇ ಕೊಟ್ಟಿದ್ದಳು. ಹೆಣ ಸಿಗುವ ಮುಂಚೆ ತಾನು ಈ ಅಂಗಡಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಎಂದು ಅದೇ ತಮ್ಮ ಅವಳಿಗೆ ಹೇಳಿದ್ದ.

"ಕೊಡೆ ಎಲ್ಲಿ?" ಮೂಗಕ್ಕನ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದಳು. "ಕೊಡೆ ಎಲ್ಲಿಟ್ಟೆ?"

"ಆಸ್ಪತ್ರೇಲಿ, ನನ್ನ ಬಟ್ಟೆ ಅಲಮಾರಿ ಹಿಂದೆ. ಅಲ್ಲಿ ಬಚ್ಚಿಟ್ಟು ವಾಪಸ್ ಬಂದ ಮೇಲೇ ಕಿರುಚಿಕೊಂಡಿದ್ದು."

"ಯಾರಿಗಾದ್ರೂ ಹೇಳಿದೀಯಾ?"

"ಹೊರಗಿನವರಿಗೆ ಯಾರಿಗೂ ಇಲ್ಲ." ಸೊಸೆ ಕಣ್ಣೊರೆಸಿಕೊಂಡು, ಮೂರು ದಿನದಲ್ಲಿ ಮೊದಲ ಸಲ ನಕ್ಕಳು. "ನಿಮ್ಮ ತಮ್ಮನಿಗೆ ಮಾತ್ರ. ಈಗ ಜೀಪಲ್ಲಿ ಬರುವಾಗ ಹೇಳಿದೆ. ಅಕ್ಕನ್ನ ಅವರಲ್ಲದೆ ಇನ್ಯಾರು ಕಾಪಾಡ್ತಾರೆ ಅಂತ. ಒಳ್ಳೇ ಕೆಲಸ ಮಾಡಿದೆ, ಇನ್ಯಾರಿಗೂ ಹೇಳಬೇಡ ಅಂದ್ರು."

ಕೆಳಗೆ ಜೀಪು ಸದ್ದು ಮಾಡಿತು. ಮೂಗಕ್ಕ ಕಿಟಕಿಗೆ ಓಡಿದಳು. ಪಾಲುದಾರ ಅಂಗಡಿಯ ಬಾಗಿಲಲ್ಲಿ ಒಬ್ಬನೇ ನಿಂತು, ತನ್ನನ್ನು ಕೇಳುವುದು ಬಿಟ್ಟು ಇನ್ಸ್‌ಪೆಕ್ಟರು ಎಲ್ಲಿಗೆ ಹೊರಟರು ಎಂಬಂತೆ ಬಾಯಿ ತೆರೆದು ನೋಡುತ್ತಿದ್ದ. ಠಾಣೆಯ ದಾರಿ ಎಡಕ್ಕೆ. ಜೀಪು ಬಲಕ್ಕೆ ತಿರುಗಿ ಆಸ್ಪತ್ರೆಯ ಓಣಿಯನ್ನು ಹೊಕ್ಕಿತು.